ಕೈಯಲ್ಲಿ ಒತ್ತಿದ ಪೆಡಲ್

ಅಮೆರಿಕದ ಆಸ್ಟಿನ್ನಿನ ಪಕ್ಕದ ಊರು ಸೀಡರ್ ಪಾರ್ಕಿನಲ್ಲಿ ಯಾವ ಕನ್ನಡದ ಹೆಂಗಸನ್ನು ಕೇಳಿದರೂ ಕೃಷ್ಣವೇಣಿಯ ಮನೆಗೆ ದಾರಿ ಹೇಳುತ್ತಾಳೆ. ಹೆಸರು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲರ ಫೋನಿನಲ್ಲೂ ಅವಳು ಬ್ಲೌಸ್ ಆಂಟಿ. ಧಾರವಾಡದವಳು. ಗಂಡ ಜಯತೀರ್ಥ ಚಿಪ್ ಕಂಪನಿಯಲ್ಲಿ ಇಂಜಿನಿಯರ್, ಮಾತು ಕಮ್ಮಿ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಹೊಲಿಗೆ ಮೆಷಿನ್ನು, ಕಟಿಂಗ್ ಟೇಬಲ್ಲು, ನಿಲುಗನ್ನಡಿ, ಮೂಲೆಯಲ್ಲಿ ಫಾಲ್ ಹಚ್ಚಬೇಕಾದ ಸೀರೆಗಳ ಗುಡ್ಡೆ. ಆಸ್ಟಿನ್ನಿನ ಉತ್ತರಕ್ಕೆ ನಡೆಯುವ ಯಾವ ಗೃಹಪ್ರವೇಶವೂ, ಯಾವ ಸೀಮಂತವೂ ಆ ಗ್ಯಾರೇಜಿನ ಬಾಗಿಲು ಹೊಕ್ಕು ಬಾರದೆ ನಡೆಯುವುದಿಲ್ಲ. ನಾನು ಅಲಮೇಲು, ಮೈಸೂರಿನವಳು, ಎರಡು ಬೀದಿ ಆಚೆ ಮನೆ. ನನ್ನ ಬಾಯಿ ಜೋರು ಅಂತ ಜನ ಹೇಳುತ್ತಾರೆ, ಹೇಳಲಿ. ಕೃಷ್ಣವೇಣಿ ಆ ಚರ್ಚಿನ ಆರ್ಗನ್ನಿನ ಹಿಂದೆ ಬಿದ್ದ ವರ್ಷ ಎಲ್ಲರಿಗಿಂತ ಹೆಚ್ಚು ಒದ್ದಾಡಿದವಳು ನಾನು. ನನ್ನ ಮಗಳು ಗಾರ್ಗಿಯ ನಿಶ್ಚಿತಾರ್ಥದ ಬ್ಲೌಸುಗಳು ಅವಳ ಟೇಬಲ್ಲಿನ ಮೇಲೆ ಕತ್ತರಿ ಕೂಡ ಕಾಣದೆ ಬಿದ್ದಿದ್ದವು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನ್ನದೇ.

ಚರ್ಚಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಆಸ್ಟಿನ್ನಿನ ಹಳೇ ಭಾಗದಲ್ಲಿ ಜರ್ಮನ್ ರೈತರು ಕಟ್ಟಿಕೊಂಡ ಸಣ್ಣ ಕಲ್ಲಿನ ಚರ್ಚು ಅದು. ಪಕ್ಕದ ಹಾಲನ್ನು ಭಾನುವಾರ ಮಧ್ಯಾಹ್ನ ನಮ್ಮ ಕನ್ನಡ ಶಾಲೆಗೆ ಬಾಡಿಗೆಗೆ ಕೊಡುತ್ತಾರೆ. ಮಕ್ಕಳು ಒಳಗೆ ಅ ಆ ಇ ಈ ತಿದ್ದುತ್ತಾ ಇಂಗ್ಲಿಷಿನಲ್ಲಿ ಜಗಳವಾಡುತ್ತವೆ, ನಾವು ಹೊರಗೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತೇವೆ. ಆ ಚರ್ಚಿನೊಳಗೆ ಎದುರು ಗೋಡೆ ತುಂಬ ಒಂದು ಪೈಪ್ ಆರ್ಗನ್ ಇದೆ. ಹೊರಗೆ ಕಾಣುವುದು ಒಂದು ಸಾಲು ದೊಡ್ಡ ಕೊಳವೆ ಮಾತ್ರ. ಅದರ ಹಿಂದಿನ ಕೋಣೆಯಲ್ಲಿ ನೂರಾರು ಕೊಳವೆಗಳಿವೆ, ಕೆಲವು ಪೆನ್ಸಿಲ್ಲಿನಷ್ಟು, ಕೆಲವು ಆಳಿಗಿಂತ ಎತ್ತರದ ಮರದ ಡಬ್ಬಗಳು. ನಮ್ಮ ಹಾರ್ಮೋನಿಯಂ ನೋಡಿದವರಿಗೆ ಅರ್ಥವಾಗುತ್ತದೆ. ಕೀ ಒತ್ತಿದರೆ ಗಾಳಿ ನುಗ್ಗುತ್ತದೆ, ಸ್ವರ ಹೊರಡುತ್ತದೆ. ಒಂದೇ ವ್ಯತ್ಯಾಸ ಏನೆಂದರೆ, ಇಲ್ಲಿ ಕೈಗೆ ಕೀಗಳಿರುವಂತೆ ಕಾಲಿಗೂ ಇವೆ. ಕೂರುವ ಬೆಂಚಿನ ಕೆಳಗೆ ಉದ್ದುದ್ದ ಮರದ ಪಟ್ಟಿಗಳು. ಅವಕ್ಕೆ ಪೆಡಲ್ ಅನ್ನುತ್ತಾರೆ. ಅತಿ ತಗ್ಗಿನ, ಎದೆಯೊಳಗೆ ಗುಮ್ಮೆನ್ನುವ ಸ್ವರಗಳೆಲ್ಲ ಆ ಪೆಡಲುಗಳಲ್ಲಿವೆ.

ಆರ್ಗನ್ನಿಗೆ ನೂರು ವರ್ಷ ದಾಟಿದೆ. ಉತ್ತರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ರೈಲಿನಲ್ಲಿ ಹ್ಯೂಸ್ಟನ್ನಿಗೆ ಬಂದು, ಅಲ್ಲಿಯ ಒಂದು ಶ್ರೀಮಂತ ಚರ್ಚಿನಲ್ಲಿ ಕೆಲವು ವರ್ಷ ಇತ್ತಂತೆ. ಅವರಿಗೆ ಇನ್ನೂ ದೊಡ್ಡದು ಬೇಕಾಯಿತು. ಇದನ್ನು ಬಿಚ್ಚಿ, ಕೊಳವೆಗಳಿಗೆ ಒಣಹುಲ್ಲು ಸುತ್ತಿ, ಆಸ್ಟಿನ್ನಿನ ರೈತರಿಗೆ ದಾಟಿಸಿದರು. ರೈತರ ಚರ್ಚಿನ ಸೂರು ಗಿಡ್ಡ. ಪೆಡಲಿನ ಮರದ ಕೊಳವೆಗಳು ಅಲ್ಲಿ ನಿಲ್ಲಲಿಲ್ಲ. ಏನು ಮಾಡುವುದು? ವೇದಿಕೆಯ ಹಲಗೆ ಎಬ್ಬಿಸಿ, ಮುಂದಿನ ಸಾಲಿನ ಬೆಂಚುಗಳ ಕೆಳಗಿನ ತನಕ ಅವನ್ನು ಉದ್ದಕ್ಕೆ ಮಲಗಿಸಿಬಿಟ್ಟರು. ಇಂದಿಗೂ ಅಲ್ಲೇ ಮಲಗಿವೆ. ಕೃಷ್ಣವೇಣಿ ಇದನ್ನು ಹೇಳಿದಾಗ ನಾನು, ದೊಡ್ಡವರಿಗೆ ಹಾಸಿಗೆ ಹಾಸಿದ್ದಾರೆ ಬಿಡಿ ಅಂದಿದ್ದೆ.

ಈ ಆರ್ಗನ್ನನ್ನು ಐವತ್ತು ವರ್ಷಕ್ಕೂ ಮಿಕ್ಕಿ ನುಡಿಸಿದವರು ಮಿಸ್ ಲೋರೀನ್. ಮದುವೆಯಾಗಿ, ಮಕ್ಕಳಾಗಿ, ಗಂಡನನ್ನು ಕಳೆದುಕೊಂಡು ಎಂಬತ್ತು ದಾಟಿದರೂ ಈ ಕಡೆಯ ಜನ ಮರ್ಯಾದೆಗೆ ಮಿಸ್ ಲೋರೀನ್ ಅಂತಲೇ ಕರೆಯುತ್ತಾರೆ. ಚರ್ಚಿನವರು ವಾರವೆಲ್ಲ ಎಸಿ ಆರಿಸಿಟ್ಟು ಭಾನುವಾರ ಮಾತ್ರ ಹಾಕುತ್ತಿದ್ದರು. ಟೆಕ್ಸಸ್ಸಿನ ಬಿಸಿಲಿಗೆ ಆರ್ಗನ್ನಿನ ಒಳಗಿನ ಚರ್ಮವೆಲ್ಲ ಹಪ್ಪಳದ ಹಾಗೆ ಒಣಗಿತ್ತು. ಐದು ವರ್ಷದ ಹಿಂದೆ ಒಂದು ಭಾನುವಾರ, ಎಲ್ಲರೂ ಎದ್ದು ನಿಂತು ಹಾಡುತ್ತಿದ್ದಾಗ, ಮೂರನೆಯ ಚರಣದ ನಡುವೆ ದೊಡ್ಡ ತಿದಿ ಹರಿದು ಗಾಳಿಯೆಲ್ಲ ಹೋಯಿತು. ಆರ್ಗನ್ ಒಮ್ಮೆ ನರಳಿ ಸುಮ್ಮನಾಯಿತು. ಜನ ಬಾಯಿಹಾಡಿನಲ್ಲಿ ಎರಡು ಸಾಲು ಎಳೆದು ಅವರೂ ನಿಲ್ಲಿಸಿದರು. ಲೋರೀನ್ ಕೈಗಳು ಕೀಗಳ ಮೇಲೆ ಹಾಗೇ ಇದ್ದವಂತೆ. ಮುಂದಿನ ವಾರದಿಂದ ಯಾರೋ ಕೀಬೋರ್ಡ್ ತಂದು ನುಡಿಸತೊಡಗಿದರು. ಆ ಹಾಡನ್ನು ಮಾತ್ರ ಲೋರೀನ್ ಕೀಬೋರ್ಡಿನಲ್ಲಿ ನುಡಿಸಲು ಬಿಡಲಿಲ್ಲ. ಆರ್ಗನ್ ಎದ್ದ ದಿನ ನಾನೇ ಮುಗಿಸುತ್ತೇನೆ ಅಂದರು. ಚರ್ಚಿನ ಕಮಿಟಿಯವರ ಬೆನ್ನು ಹತ್ತಿ, ಕಾಡಿ, ಕೊನೆಗೆ ರಿಪೇರಿಗೆ ಒಪ್ಪಿಸಿದವರೂ ಅವರೇ.

ರಿಪೇರಿಗೆ ಬಂದವನು ವೆಂಡೆಲ್ ಅಂತ. ಬೆಟ್ಟದಂಥ ಮನುಷ್ಯ, ಗಡ್ಡ, ಜೇಬು ತುಂಬ ಸ್ಕ್ರೂಡ್ರೈವರು. ಅವನಿಗೆ ಚರ್ಮ ಕತ್ತರಿಸಿ ಅಂಟಿಸುವ ಕೈಯೊಂದು ಬೇಕಿತ್ತು. ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದ. ನಾವೆಲ್ಲ ಅದನ್ನು ಓದಿ ಕಾಫಿ ಕುಡಿದೆವು. ಕೃಷ್ಣವೇಣಿ ಓದಿ ಒಳಗೆ ಹೋಗಿ ಕೆಲಸ ಕೇಳಿಬಿಟ್ಟಳು. ಯಾಕ್ರೀ ಅಂದರೆ, ಈ ಊರಿನ ಹೆಂಗಸರ ಬೆನ್ನು ಅಳೆದು ಅಳೆದು ಬೇಸರ ಬಂದಿದೆ, ಒಬ್ಬಳು ಮುಚ್ಚು ಅಂತಾಳೆ ಇನ್ನೊಬ್ಬಳು ತೆಗೆ ಅಂತಾಳೆ ಅಂದಳು. ನನ್ನನ್ನೇ ಅಂದದ್ದು ಅಂತ ನನಗೆ ಗೊತ್ತು.

ಅಯ್ಯೋ, ಆಮೇಲೆ ನಮ್ಮ ಹೆಂಗಸರ ವಾಟ್ಸಾಪ್ ಗುಂಪು ಹತ್ತಿ ಉರಿಯಿತು. ದೇವರ ಮನೆಯಲ್ಲಿ ಸಾಲಿಗ್ರಾಮ ಇಟ್ಟುಕೊಂಡವಳು ಕುರಿಯ ಚರ್ಮ ಮುಟ್ಟುತ್ತಾಳೆ, ಅಂಟೂ ಚರ್ಮ ಕುದಿಸಿ ಮಾಡಿದ್ದಂತೆ, ಅದೇ ಕೈಯಲ್ಲಿ ನಮ್ಮ ರೇಷ್ಮೆ ಮುಟ್ಟುತ್ತಾಳೆ ಅಂತ. ಅಲ್ಲಿ ನಾನು ಅವಳ ಪರ ನಿಂತೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಮಕ್ಕಳ ಭರತನಾಟ್ಯಕ್ಕೆ ನುಡಿಸುವ ಮೃದಂಗ ಏನು ಹತ್ತಿಯಲ್ಲಿ ಮಾಡಿದ್ದಾ ಅಂತ ಬರೆದೆ. ಆಮೇಲೆ ಎರಡು ದಿನ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವುಗಳು ಬಂದವು. ಕೃಷ್ಣವೇಣಿ ಮಾತ್ರ ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡಿ ಅಡಿಗೆಮನೆಗೆ ಹೋಗುತ್ತಿದ್ದಳು. ಜಯತೀರ್ಥರು ಅಷ್ಟು ದಿನ ಅನ್ನಕ್ಕೆ ತಾವೇ ಕುಕ್ಕರ್ ಇಟ್ಟರು.

ಕೆಲಸ ಅವಳಿಗೆ ಮೊದಲ ದಿನವೇ ಒಲಿಯಿತು ಅಂದುಕೊಳ್ಳಬೇಡಿ. ಪ್ರತಿ ಕೊಳವೆಯ ಕೆಳಗೂ ಚರ್ಮದ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಗಾಳಿ ಬಂದರೆ ಪೂರಿಯ ಹಾಗೆ ಉಬ್ಬಬೇಕು, ಹೋದರೆ ಕೆಳಗಿಳಿಯಬೇಕು. ಆಗಲೇ ಸ್ವರ ಹೊರಟು ನಿಲ್ಲುವುದು. ಇವಳು ಬ್ಲೌಸಿನವಳಲ್ಲವೇ? ಸುಕ್ಕಿಲ್ಲದೆ ಕೂರಿಸುವುದೇ ಇವಳ ಹೆಮ್ಮೆ. ಒಂದು ಪೆಟ್ಟಿಗೆ ತುಂಬ ಬಿಲ್ಲೆಗಳನ್ನು ತಮಟೆಯ ಹಾಗೆ ಬಿಗಿದು ಅಂಟಿಸಿಟ್ಟಳು. ವೆಂಡೆಲ್ ಗಾಳಿ ಹಾಕಿ ನೋಡಿದರೆ ಒಂದೂ ಅಲ್ಲಾಡಲಿಲ್ಲ. ಅವನು ಬೈಯಲಿಲ್ಲ, ಉಳಿ ಕೊಟ್ಟು ಎಲ್ಲವನ್ನೂ ಕಿತ್ತು ಮತ್ತೆ ಮಾಡು ಅಂದ. ಸಡಿಲ ಬಿಡಬೇಕು, ಉಸಿರಾಡಲು ಜಾಗ ಬೇಕು ಅಂತ ತೋರಿಸಿಕೊಟ್ಟ. ಅವಳು ಕಿತ್ತಳು, ಅತ್ತಳು, ಮತ್ತೆ ಅಂಟಿಸಿದಳು. ನನ್ನ ಬ್ಲೌಸುಗಳು ಟೇಬಲ್ಲಿನ ಮೇಲೆ ಧೂಳು ತಿಂದವು.

ಚರ್ಮದ ಕೆಲಸ ಮುಗಿದ ಮೇಲೆ ಶ್ರುತಿ ಮಾಡುವ ಕೆಲಸ ಬಂತು. ಅದಕ್ಕೆ ಇಬ್ಬರು ಬೇಕು. ವೆಂಡೆಲ್ ಕೋಣೆಯೊಳಗೆ ಕೊಳವೆಗಳ ನಡುವೆ ನುಗ್ಗಿ ಕೂರುತ್ತಾನೆ. ಹೊರಗೆ ಒಬ್ಬರು ಒಂದೊಂದೇ ಕೀ ಒತ್ತಿ ಹಿಡಿದು, ಅವನು ಹೇಳಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಪ್ರಪಂಚದಲ್ಲಿ ಇದಕ್ಕಿಂತ ಬೇಜಾರಿನ ಕೆಲಸ ಇಲ್ಲ ಅನ್ನುತ್ತೇನೆ ನಾನು. ಕೃಷ್ಣವೇಣಿಗೆ ಅದೇ ಹಬ್ಬ. ಅವಳ ಅಪ್ಪ ನಾಟಕ ಕಂಪನಿಯಲ್ಲಿ ಕಾಲುಪೇಟಿ ನುಡಿಸುತ್ತಿದ್ದವರು. ನಿಂತ ಮೇಜಿನಂಥ ದೊಡ್ಡ ಹಾರ್ಮೋನಿಯಂ, ಕಾಲಲ್ಲಿ ತುಳಿದು ಗಾಳಿ ಹಾಕುವುದು. ಅದರ ಪಕ್ಕದಲ್ಲಿ ಕೂತು ಬೆಳೆದ ಕಿವಿ ಇವಳದು. ಸ್ವರ ಕೂಡಿತು ಅನ್ನಿಸಿದ ಕೂಡಲೇ ತಡೆಯಲಾಗದೆ "ಸಾಕು" ಅಂದುಬಿಡುತ್ತಿದ್ದಳು. ವೆಂಡೆಲ್ ಮೀಟರು ನೋಡಿ, ಇಲ್ಲ, ಇನ್ನೂ ಇದೆ ಅನ್ನುತ್ತಿದ್ದ. ನಿಮ್ಮ ಊರಿನ ಸರಿ ಬೇರೆ, ಈ ಪೆಟ್ಟಿಗೆಯ ಸರಿ ಬೇರೆ ಅನ್ನುತ್ತಿದ್ದ. ಆದರೂ ದಿನ ಕಳೆದಂತೆ ಅವನೂ ಒಳಗಿನಿಂದ "ಸಾಕೂ" ಅಂತ ಕೂಗತೊಡಗಿದ. ಮುಂದಿನ ಬೆಂಚಿನಲ್ಲಿ ದಿನವೂ ಬಂದು ಕೂರುತ್ತಿದ್ದ ಲೋರೀನ್ ಕೂಡ ಆ ಮಾತು ಕಲಿತರು. ಕಾಫಿ ಸುರಿಯುವಾಗಲೂ ಸಾಕು, ಕುರ್ಚಿ ಸರಿಸುವಾಗಲೂ ಸಾಕು.

ಪೆಡಲ್ ಸರದಿ ಬಂದಾಗ ಕೃಷ್ಣವೇಣಿ ಬೆಂಚಿನಿಂದ ಇಳಿದಳು. ಕಾಲಲ್ಲಿ ಒತ್ತಲಾರೆ ಅಂದಳು. ಎಡಗಡೆ ನೆಲಕ್ಕೆ ಮಂಡಿಯೂರಿ, ಬೆಂಚಿನ ಕೆಳಗೆ ಕೈ ಚಾಚಿ, ಒಂದೊಂದೇ ಪೆಡಲನ್ನು ಅಂಗೈಯಲ್ಲಿ ಒತ್ತಿದಳು. ವೆಂಡೆಲ್ ಎಬ್ಬಿಸಿದ ಹಲಗೆಯ ಅಡಿಯಿಂದ ಹೊರಗೆ ತಲೆ ಹಾಕಿ ನೋಡಿ, ಇದಕ್ಕೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ ಮಹಾತಾಯಿ ಅನ್ನುವ ಹಾಗೆ ಮುಖ ಮಾಡಿದನಂತೆ. ನನಗೆ ಇದು ಗೊತ್ತಾದದ್ದು ಗ್ಯಾರೇಜಿನಲ್ಲಿ, ಮೂರನೆಯ ಸಲ ಬ್ಲೌಸು ಕೇಳಲು ಹೋದಾಗ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಸಂಗತಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು.

"ಅಲ್ರೀ ಕೃಷ್ಣವೇಣಿ, ಬೆಳಗಿಂದ ಸಂಜೆವರೆಗೂ ಹೊಲಿಗೆ ಮೆಷಿನ್ ಕಾಲಲ್ಲೇ ತುಳೀತೀರಲ್ಲ, ಆಗ ಬರದೇ ಇರೋ ಪಾಪ ಅಲ್ಲಿ ಬರುತ್ತಾ?" ಅಂದೆ.

"ಮಿಷನ್ನಿಗೆ ಸ್ವರ ಇಲ್ರಿ ಅಕ್ಕಾರ. ಅಪ್ಪನೂ ಪೇಟಿಗೆ ಕಾಲಿಲೆನ ಗಾಳಿ ಹಾಕ್ತಿದ್ರು. ಗಾಳಿ ಕಾಲಿಲೆ, ಸ್ವರ ಕೈಲೆ. ಸ್ವರಕ್ಕ ಕಾಲು ಹಚ್ಚಬಾರದು ಅಂತಿದ್ರು," ಅಂದಳು.

ಅಷ್ಟು ಜನ ಕ್ರಿಸ್ತನ ಭಕ್ತರು ನೂರಾರು ವರ್ಷದಿಂದ ಕಾಲಲ್ಲೇ ನುಡಿಸುತ್ತಿದ್ದಾರಲ್ಲ, ಅವರಿಗೆಲ್ಲ ನರಕವಾ ಅಂತ ಕೇಳಿದೆ. ಅದಕ್ಕೆ ಅವಳು ಒಂದು ವಿಷಯ ಹೇಳಿದಳು. ಲೋರೀನ್ ಹತ್ತಿರ ಆರ್ಗನ್ನಿಗೆ ಮಾತ್ರ ಹಾಕುವ ಒಂದು ಜೊತೆ ಶೂ ಇದೆಯಂತೆ. ಮೆತ್ತನೆಯ ಚರ್ಮದ್ದು. ಅದನ್ನು ಹಾಕಿಕೊಂಡು ಅವರು ಒಂದು ದಿನವೂ ಬೀದಿಗೆ ಇಳಿದಿಲ್ಲ, ಬಚ್ಚಲಿಗೆ ಹೋಗಿಲ್ಲ. ಬೆಂಚಿನ ಪಕ್ಕದಲ್ಲಿ ಬಟ್ಟೆಯ ಚೀಲದೊಳಗೆ ಇಡುತ್ತಾರೆ. ಅವರದು ಮಡಿ ಶೂ, ಅವರಿಗೆ ನಡೆಯುತ್ತದೆ, ನನಗೆ ಅಭ್ಯಾಸ ಇಲ್ಲ, ಅಷ್ಟೇ ಅಂದಳು. ನಾನು ಬ್ಲೌಸ್ ಕೇಳುವುದನ್ನು ಮರೆತು ಮನೆಗೆ ಬಂದೆ.

ಈಗ ನಿಜವಾದ ಕಷ್ಟ ಹೇಳಬೇಕು. ಲೋರೀನ್‌ಗೆ ಹಿಂದಿನ ವರ್ಷ ಸೊಂಟದ ಆಪರೇಷನ್ ಆಗಿತ್ತು. ಆಮೇಲೆ ಪಾದಗಳು ಜೋಮು ಹಿಡಿದವು, ತಿರುಗಿ ಸರಿಹೋಗಲಿಲ್ಲ. ವಾಕರ್ ಹಿಡಿದು ನಡೆಯುತ್ತಾರೆ, ಆದರೆ ಕಾಲ ಕೆಳಗೆ ಯಾವ ಪೆಡಲ್ ಇದೆ ಅನ್ನುವುದು ಪಾದಕ್ಕೆ ತಿಳಿಯುವುದಿಲ್ಲ. ಕಿವಿಯೂ ಮುಕ್ಕಾಲು ಹೋಗಿದೆ. ಕಮಿಟಿಯವರು ಕೆಟ್ಟವರಲ್ಲ. ಒಂದು ದಿನ ಹೂಗುಚ್ಛ ತಂದು, ಪಕ್ಕದಲ್ಲಿ ಕೂತು, ಆರ್ಗನ್ ಮತ್ತೆ ಶುರುವಾಗುವ ಭಾನುವಾರ ಡಾಲಸ್ಸಿನಿಂದ ಒಬ್ಬ ಹುಡುಗ ಬಂದು ನುಡಿಸುತ್ತಾನೆ, ನೀವು ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂರಬೇಕು ಅಂದರು. ಆ ಒಂದು ಹಾಡನ್ನಾದರೂ ಬರೀ ಕೈಯಲ್ಲಿ ನುಡಿಸಬಹುದಲ್ಲ ಅಂತ ಯಾರೋ ಅಂದರು. ಲೋರೀನ್ ಆಗುವುದಿಲ್ಲ ಅಂದರು. ಕೈಯ ಸ್ವರಗಳು ಅವರಿಗೆ ಕೇಳುವುದೇ ಇಲ್ಲ. ಪೆಡಲಿನ ಸ್ವರ ಒಂದೇ, ನೆಲದಿಂದ ಹತ್ತಿ ಬೆಂಚಿನ ಮೂಲಕ ಮೈಗೆ ತಿಳಿಯುವುದು. ಅದಿಲ್ಲದಿದ್ದರೆ ಹಾಡು ಎಲ್ಲಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಅಷ್ಟು ಹೇಳಿ ಹೂವನ್ನು ಮಡಿಲಲ್ಲಿಟ್ಟುಕೊಂಡರಂತೆ. ಕೃಷ್ಣವೇಣಿ ಅಲ್ಲೇ ನೆಲದ ಮೇಲೆ ಬಗ್ಗಿ ಪೆಡಲಿನ ಧೂಳು ಒರೆಸುತ್ತಿದ್ದಳು.

ಡಾಲಸ್ಸಿನ ಹುಡುಗ ಒಳ್ಳೆಯವನು. ಅಭ್ಯಾಸಕ್ಕೆ ಬಂದ ದಿನ ಈ ವಿಷಯ ಕೇಳಿ, ಪೆಡಲನ್ನು ನಾನು ನೋಡಿಕೊಳ್ಳುತ್ತೇನೆ, ಕೈಯಲ್ಲಿ ಅವರು ನುಡಿಸಲಿ ಅಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅವನ ಉದ್ದನೆಯ ಕಾಲು ಅವರ ಕಾಲಿಗೆ ಎಡವಿತು, ಮೊಣಕಾಲು ಆಪರೇಷನ್ ಆದ ಸೊಂಟಕ್ಕೆ ತಾಗಿತು. ಲೋರೀನ್ ನೋವಿಗೆ ಕಣ್ಣು ಮುಚ್ಚಿದರು. ಅಲ್ಲಿಗೆ ಅದು ಮುಗಿಯಿತು. ಆಗ ಕೃಷ್ಣವೇಣಿ ಯಾರನ್ನೂ ಕೇಳದೆ ತನ್ನ ಮಾಮೂಲಿ ಜಾಗಕ್ಕೆ ಹೋಗಿ ಮಂಡಿಯೂರಿದಳು. ಲೋರೀನರ ಎರಡು ಪಾದಗಳನ್ನು ಎತ್ತಿ ಬೆಂಚಿನ ಅಡ್ಡಪಟ್ಟಿಯ ಮೇಲೆ ಇಟ್ಟಳು. ಕೆಳಗೆ ಕೈ ಚಾಚಿ ಎಡತುದಿಯ ಒಂದು ಪೆಡಲ್ ಒತ್ತಿದಳು. ಕಾಲಿಗೆ ಬೇಕಾದ ಜಾಗ ಕೈಗೆ ಬೇಕಾಗಿಲ್ಲವಲ್ಲ. ಬೆಂಚು ನಡುಗಿತು, ಲೋರೀನ್ ಕಣ್ಣು ಬಿಟ್ಟರು.

ಆ ಹಾಡಿನ ಪೆಡಲಿನ ಭಾಗವನ್ನು ಡಾಲಸ್ಸಿನ ಹುಡುಗನೇ ಕೂತು ಸುಲಭ ಮಾಡಿಕೊಟ್ಟ, ಎಡತುದಿಯ ಐದೇ ಸ್ವರಗಳಿಗೆ ಇಳಿಸಿದ. ಕೃಷ್ಣವೇಣಿ ಅವನ್ನು ಸ, ರಿ, ಪ ಅಂತ ಬಾಯಿಪಾಠ ಮಾಡಿಕೊಂಡಳು. ಗ್ಯಾರೇಜಿನಲ್ಲಿ ಮೆಷಿನ್ ತುಳಿಯುತ್ತಾ ಅದೇ ಹಾಡಿಕೊಳ್ಳುತ್ತಿದ್ದಳಂತೆ. ಪೆಡಲ್ ಬದಲಾಯಿಸಬೇಕಾದಾಗ ಕಣ್ಣಸನ್ನೆ ಬೇಡ, ಹಾಡು ಗೊತ್ತು. ಕೊನೆಯ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದೊಂದೇ ಗೊತ್ತಿರಲಿಲ್ಲ. ಅದನ್ನು ಲೋರೀನ್ ಹೇಳುತ್ತಾರೆ, ಸಾಕು ಅಂದಾಗ ಬಿಡುವುದು ಅಂತ ಒಪ್ಪಂದವಾಯಿತು. ಕಮಿಟಿಯವರಿಗೆ ಮುಜುಗರ. ಎಲ್ಲರ ಎದುರಿಗೆ ಒಬ್ಬ ಹೆಂಗಸು ಇನ್ನೊಬ್ಬಳ ಕಾಲಡಿ ಮಂಡಿಯೂರುವುದು ನೋಡುವವರಿಗೆ ಹೇಗೆ ಕಾಣುತ್ತದೆ, ಅದೂ ಭಾರತದಿಂದ ಬಂದವಳು, ಅಂತ ಪಾಪ ಹೆದರಿದರು. ಒಮ್ಮೆ ತಪ್ಪಿದರೂ ಹಾಡು ಅಲ್ಲಿಗೇ ನಿಲ್ಲಿಸಿ ಹುಡುಗ ಮುಂದುವರಿಸುತ್ತಾನೆ ಅನ್ನುವ ಮಾತಿನ ಮೇಲೆ ಒಪ್ಪಿದರು. ಅಂದರೆ ಒಂದೇ ಅವಕಾಶ.

ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು, ಅದೇ ಭಾನುವಾರ ಸಂಜೆ ಹ್ಯೂಸ್ಟನ್ ಹತ್ತಿರದ ಮಿಸೌರಿ ಸಿಟಿಯಲ್ಲಿ ನನ್ನ ಮಗಳ ನಿಶ್ಚಿತಾರ್ಥ, ಹುಡುಗನ ಮನೆಯವರು ಅಲ್ಲಿಯವರು, ಮತ್ತು ನನ್ನ ಬ್ಲೌಸಿಗೆ ಇನ್ನೂ ತೋಳಿಲ್ಲ. ಶುಕ್ರವಾರ ಗ್ಯಾರೇಜಿಗೆ ನುಗ್ಗಿದಾಗ ಅವಳು ಎಲ್ಲ ಹೇಳಿದಳು, ಕೇಳಿ ಚೆನ್ನಾಗಿ ಬೈದೆ. ಯಾರದೋ ಊರಿನ ಯಾರದೋ ಮುದುಕಿಗಾಗಿ ನಮ್ಮ ಮನೆಯ ಶುಭಕಾರ್ಯ ಹಾಳು ಮಾಡುತ್ತೀರಾ ಅಂದೆ. ಹಾಗೆ ಅನ್ನಬಾರದಿತ್ತು, ಆದರೆ ಅಂದೆ. ಕೃಷ್ಣವೇಣಿ ಸೂಜಿ ಕೆಳಗಿಟ್ಟಳು.

"ಅಪ್ಪನ ಕಂಪನಿ ಕಡೀ ನಾಟಕದ ದಿನ ಕರೆಂಟ್ ಹೋತ್ರಿ. ಮಂದಿ ಎದ್ದು ಹ್ವಾದ್ರು. ಮಂಗಳ ಹಾಡೂದು ಆಗಲೇ ಇಲ್ಲ. ಮರುದಿನ ಪೇಟಿ ಮಾರಿದ್ರು. ಸಾಯೂತನಕ ಅಪ್ಪ ಅದನ್ನ ಅಂತಿದ್ರು, ಮಂಗಳ ಆಗಲಿಲ್ಲ, ಮಂಗಳ ಆಗಲಿಲ್ಲ ಅಂತ," ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಬ್ಲೌಸ್ ನಾ ತಂದು ಕೊಡ್ತೇನ್ರಿ ಅಕ್ಕಾರ. ರವಿವಾರ ಚರ್ಚಿಗೆ ಬರ್ರಿ, ಅಲ್ಲಿಂದ ಹಂಗ ಹೋಗಬಹುದು," ಅಂದಳು.

ಸರಿ ಅಂದು ಬಂದೆ.

ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಬೆಳ್ಳಿ ತಟ್ಟೆ, ಹಣ್ಣು, ಸೀರೆಗಳ ಪೆಟ್ಟಿಗೆ ಎಲ್ಲ ತುಂಬಿಕೊಂಡು ನಾನೂ ನಮ್ಮವರೂ ಗಾರ್ಗಿಯೂ ಚರ್ಚಿಗೆ ಹೋದೆವು. ಕನ್ನಡ ಶಾಲೆಯ ಅರ್ಧ ಜನ ಆಗಲೇ ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಗಾರ್ಗಿ, "ಅಮ್ಮಾ, ನೋಬಡಿ ಡಸ್ ದಟ್ ಹಿಯರ್," ಅಂತ ಗೊಣಗಿದಳು. ದೇವರ ಮನೆ ಅಂದಮೇಲೆ ದೇವರ ಮನೆ, ನೀನು ಬೇಕಾದರೆ ಹಾಕಿಕೋ ಅಂದೆ. ಜಯತೀರ್ಥರು ಮುಂದಿನ ಸಾಲಿನಲ್ಲಿ ನಮಗೆ ಜಾಗ ಹಿಡಿದಿದ್ದರು. ಬೆಂಚಿನ ಮೇಲೆ ಒಂದು ಕವರು, ಅದರೊಳಗೆ ಬ್ಲೌಸುಗಳು. ತೋಳೂ ಇತ್ತು, ಹುಕ್ಕೂ ಇತ್ತು. ಬ್ಲೌಸ್ ಸಿಕ್ಕಿತಲ್ಲ, ಹೊರಡೋಣವೇ ಅಂತ ನಮ್ಮವರು ಗಡಿಯಾರ ನೋಡಿದರು. ಸುಮ್ಮನೆ ಕೂತುಕೊಳ್ಳಿ ಅಂದೆ.

ಡಾಲಸ್ಸಿನ ಹುಡುಗ ಮೊದಲು ನುಡಿಸಿದ. ಬಹಳ ಚೆನ್ನಾಗಿ ನುಡಿಸಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಡೆಲ್ ಪಕ್ಕದ ಬಾಗಿಲ ಬಳಿ ಟೈ ಕಟ್ಟಿಕೊಂಡು ನಿಂತಿದ್ದ. ಆಮೇಲೆ ಪಾದ್ರಿ ಎದ್ದು, ಐದು ವರ್ಷದ ಹಿಂದೆ ನಾವು ಒಂದು ಹಾಡನ್ನು ಅರ್ಧಕ್ಕೆ ಬಿಟ್ಟಿದ್ದೆವು, ಅದನ್ನು ಈಗ ಬಿಟ್ಟಲ್ಲಿಂದ ಮುಗಿಸೋಣ ಅಂದರು. ಹಳಬರು ಅಷ್ಟೂ ಜನ ಎದ್ದು ನಿಂತರು. ಲೋರೀನ್ ವಾಕರ್ ಹಿಡಿದು ನಡೆದು ಬಂದರು. ಆರ್ಗನ್ನಿನ ಬೆಂಚಿನ ಮೇಲೆ ಕೂತು, ಬಟ್ಟೆಯ ಚೀಲದಿಂದ ಆ ಶೂ ತೆಗೆದರು. ಪೆಡಲ್ ಮುಟ್ಟುವುದಿಲ್ಲ ಅಂತ ಗೊತ್ತಿದ್ದೂ ಹಾಕಿಕೊಂಡರು. ಲೇಸು ಕಟ್ಟಲು ಅಷ್ಟು ಕೆಳಗೆ ಬಗ್ಗಲಾಗಲಿಲ್ಲ. ಕೃಷ್ಣವೇಣಿ ಕಟ್ಟಿದಳು.

ಅವಳು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಳೆ ಸದ್ದು ಮಾಡದಿರಲಿ ಅಂತ ಮೊಣಕೈಯ ಕಡೆಗೆ ಸರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಪೆಡಲುಗಳನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ ಬಗ್ಗಿದಳು. ಹಿಂದಿನ ಸಾಲಿನಿಂದ ಯಾರೋ ನಮ್ಮವಳೇ, ನೋಡ್ರೀ, ಅಜ್ಜಿಗೆ ನಮಸ್ಕಾರ ಮಾಡ್ತಿದ್ದಾಳೆ ಅಂತ ಪಿಸುಗುಟ್ಟಿದಳು. ನಾನು ತಿರುಗಿ ಒಂದು ನೋಟ ನೋಡಿದೆ, ಸುಮ್ಮನಾದಳು.

ಹಾಡು ಮೂರನೆಯ ಚರಣದ ನಡುವಿನಿಂದ ಶುರುವಾಯಿತು. ಲೋರೀನರ ಕೈಗಳು ಮೊದಲ ಸಾಲಿನಲ್ಲಿ ಸ್ವಲ್ಪ ತಡವರಿಸಿದವು. ಕೆಳಗೆ ಆ ಬೆನ್ನು ಬಗ್ಗಿಸಿದ ಹೆಂಗಸು ಒಂದು ಪೆಡಲಿನಿಂದ ಇನ್ನೊಂದಕ್ಕೆ ಹೋದ ಕೂಡಲೇ ಕೈಗಳಿಗೆ ದಾರಿ ಸಿಕ್ಕಿತು. ಜನ ಹಾಡಿದರು. ನನಗೆ ಪದ ಗೊತ್ತಿಲ್ಲ, ಬಾಯಿ ಮುಚ್ಚಿಕೊಂಡು ಕೃಷ್ಣವೇಣಿಯ ಕೈಯನ್ನೇ ನೋಡುತ್ತಿದ್ದೆ. ತಪ್ಪಿಬಿಟ್ಟರೆ, ತಪ್ಪಿಬಿಟ್ಟರೆ ಅಂತ ಮನಸ್ಸಿನಲ್ಲೇ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ನನ್ನ ಮಗಳ ನಿಶ್ಚಿತಾರ್ಥಕ್ಕೂ ನಾನು ಅಷ್ಟು ದೇವರನ್ನು ನೆನೆಸಿಕೊಂಡಿರಲಿಲ್ಲ. ನಾಲ್ಕನೆಯ ಚರಣ ಬಂತು, ಅದೂ ದಾಟಿತು. ಅವಳು ತಪ್ಪಲಿಲ್ಲ.

ಹಾಡು ಮುಗಿಯಿತು. ಜನ ನಿಲ್ಲಿಸಿದರು. ಲೋರೀನ್ ಕೈಗಳನ್ನು ಕೀಗಳಿಂದ ಎತ್ತಿ ಬೆಂಚಿನ ಎರಡೂ ಬದಿಗೆ ಊರಿದರು, ಅಂಗೈ ಅಗಲ ಮಾಡಿ. ಪೆಡಲಿನ ಸ್ವರವೊಂದೇ ಉಳಿಯಿತು. ಎಲ್ಲರೂ ಅದು ಈಗ ನಿಲ್ಲುತ್ತದೆ ಅಂದುಕೊಂಡರು. ನಿಲ್ಲಲಿಲ್ಲ. ಲೋರೀನ್ ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ ಬೆಂಚನ್ನು ಹಿಡಿದು ಕೂತೇ ಇದ್ದರು. ಕೃಷ್ಣವೇಣಿಯ ಹಣೆಯಿಂದ ಬೆವರು ನೆಲಕ್ಕೆ ಬೀಳುತ್ತಿತ್ತು. ಒಪ್ಪಂದ ಒಪ್ಪಂದವೇ, ಅವಳು ಬಿಡಲಿಲ್ಲ. ಪಾದ್ರಿ ಪುಸ್ತಕ ಹಿಡಿದು ಕಾದರು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೋರೀನರ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಅವರು ಬೆಂಚಿನಿಂದ ಕೈ ತೆಗೆಯಲಿಲ್ಲ.

ಆಮೇಲೆ ಅವರು ಬಗ್ಗಿ ಕೃಷ್ಣವೇಣಿಯ ತಲೆಯ ಮೇಲೆ ಕೈ ಇಟ್ಟರು. ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ, ಇಡೀ ಚರ್ಚಿಗೆ ಕೇಳುವಂತೆ, ನಮ್ಮ ಮಾತಿನಲ್ಲೇ ಹೇಳಿದರು.

"ಸಾಕು."

ಕೃಷ್ಣವೇಣಿ ಕೈ ಎತ್ತಿದಳು. ಆಗಲೇ ನನಗೆ ಗೊತ್ತಾದದ್ದು, ಅಷ್ಟು ಹೊತ್ತೂ ಆ ಸ್ವರ ನನ್ನ ಬರಿಗಾಲಿನ ಕೆಳಗೆ ಇತ್ತು. ಹಲಗೆಯ ಅಡಿಯಲ್ಲಿ ಮಲಗಿದ್ದ ಆ ಮರದ ಕೊಳವೆಗಳು ಸುಮ್ಮನಾದವು, ನೆಲ ನಿಂತಿತು, ಪಾದ ಖಾಲಿಯಾಯಿತು. ನಾನು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿ ಗಾರ್ಗಿ ತನ್ನ ಶೂ ಬಿಚ್ಚುತ್ತಿದ್ದಳು.